ಕತ್ತರಿಸಿದ ಎಳೆ

ಮೊಣಕಾಲು ನೋವೆಂದು ಮಗ್ಗದ ಕೆಳಗಿನ ಕುಣಿಗೆ ಇಳಿದು ನೇಯುವುದನ್ನು ಬಿಟ್ಟ ಮೇಲೆ ಅತ್ತೆಯ ಮಾತೂ ಕಡಿಮೆಯಾಯಿತು. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದಾಗಿನಿಂದ ಸೀರೆ ನೇಯ್ದವರು. ಈಗ ಗೋಡೆಗೆ ಮುಖ ಮಾಡಿ ಕೂತರೆ ಚಹಾ ಆರಿ ಕೆನೆಗಟ್ಟಿದರೂ ತಿರುಗಿ ನೋಡುತ್ತಿರಲಿಲ್ಲ. ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಬಸ್ಸಿನಲ್ಲಿ ರೋಣಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆ.

"ಗುಳಿಗಿ ಕೊಡ್ತೀನ್ರಿ. ಆದ್ರ ದಿನಾ ಅಡ್ಡಾಡಸ್ರಿ. ಮೊಣಕಾಲಿಗಿಂತ ಮನಸಿಗೆ ಅದು ಬೇಕಾಗೇತಿ," ಎಂದರು ಅವರು.

ಮರುದಿನ ಚಪ್ಪಲಿ ತಂದು ಅತ್ತೆಯ ಮುಂದಿಟ್ಟೆ.

"ಕೈ ಬೀಸಿಕೋತ ಅಡ್ಡಾಡಾಕ ನಾ ಏನ್ ಸಾವಕಾರ್ತಿ ಏನ? ಓಣಿ ಮಂದಿ ನಗ್ತಾರ."

ಎಂಟು ದಿನ ಚಪ್ಪಲಿ ಅಲ್ಲೇ ಇತ್ತು.

ಒಂದು ಮುಂಜಾನೆ ನನ್ನ ಗಂಡ ಓಣಿಯಲ್ಲಿ ಹಾಸು ಎಳೆದಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನೆಲ್ಲ ಹೀಗೆ ಬಿಗಿದು ಗಂಜಿ ಹಚ್ಚುತ್ತೇವೆ. "ಅವ್ವಾ, ಎಳಿ ಹರದಾವು, ನನಗ ಕಾಣವಲ್ವು," ಎಂದು ಕೂಗಿದರು. ಅತ್ತೆ ಎದ್ದರು! ಎಳೆಗಳನ್ನು ಸವರುತ್ತ ಈ ತುದಿಯಿಂದ ಆ ತುದಿಗೆ ಹೋದರು, ಮತ್ತೆ ಬಂದರು, ಹರಿದಲ್ಲೆಲ್ಲ ಗಂಟು ಹಾಕಿದರು. ಅಂದು ಎರಡು ರೊಟ್ಟಿ ತಿಂದರು.

ಮುಂದಿನ ಹಾಸಿನಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ಅತ್ತೆ ಮತ್ತೆ ಗೋಡೆಗೆ ತಿರುಗಿದ್ದರು. ಗಂಡ ಗಂಜಿ ತರಲು ಒಳಗೆ ಹೋದಾಗ, ಸೆರಗಿನಲ್ಲಿ ಕತ್ತರಿ ಮುಚ್ಚಿಕೊಂಡು ದೂರದ ತುದಿಗೆ ಹೋಗಿ ನಾಲ್ಕು ಎಳೆ ಕತ್ತರಿಸಿದೆ. ನೇಕಾರರ ಸೊಸೆ ಮಾಡುವ ಕೆಲಸವಲ್ಲ ಅದು. ಆಮೇಲೆ ಅತ್ತೆಯನ್ನು ಕರೆದೆ.

ಬಂದು ಮೂರು ಗಂಟು ಹಾಕಿದರು. ನಾಲ್ಕನೆಯ ಎಳೆಯ ತುದಿಯನ್ನು ಕಣ್ಣ ಹತ್ತಿರ ಹಿಡಿದರು.

"ಇಲ್ಲಿ ಬಾ. ಹರದ ಎಳಿ ತುದಿ ಬಿಚ್ಚಿ ಮೀಸಿಹಂಗ ಎದ್ದಿರತೈತಿ. ಇದು ಬೋಳ ಐತಿ. ಕತ್ತರಿ ಆಡಿಸಿದಿ ಏನ?"

ನಾನು ಸೆರಗಿನೊಳಗಿನ ಕತ್ತರಿ ಹೊರತೆಗೆದೆ.

"ಹಾಸಿನ ಎಳಿಗೆ ಕತ್ತರಿ ಹಚ್ಚತಾರನ, ಹುಚ್ಚಿ? ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳ?" ಓಣಿಗೆಲ್ಲ ಕೇಳುವಂತೆ ಬೈದರು. ಎಷ್ಟು ತಿಂಗಳ ಮೇಲೆ ಆ ದನಿ! ಬೈಸಿಕೊಳ್ಳುತ್ತಲೇ ನನಗೆ ಅಳು ಬಂತು.

"ತಪ್ಪಾತ್ರಿ ಅತ್ತಿ. ನೀವು ಹೊರಗ ಬರ್ಲಿ ಅಂತ..."

ಅವರು ನಾಲ್ಕನೆಯ ಗಂಟನ್ನೂ ಹಾಕಿ ಒಳಗೆ ಹೋದರು.

ಮರುದಿನ ಓಣಿಯಲ್ಲಿ ಹಾಸು ಇರಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ತಲೆಯೆತ್ತಿದರೆ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ.

"ಹಂಚ ಇಳಿಸಿ ಬಾ, ಊರ ಅಗಸಿ ಬಾಗಲತನಕ ಹೋಗಿಬರೂಣು. ಇಲ್ಲಾಂದ್ರ ಮತ್ತ ಕತ್ತರಿ ಹುಡುಕಾಕಿ ನೀ."