ಬುರುಲ್ ಎಜೆ ಮತ್ತು ಜಾರುವ ಹೆಸರುಗಳು

ಎಲ್ಲರೂ ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಬುರುಲ್ ಕಾರಾ-ಬೆಲ್ ಘಾಟಿಯ ರಸ್ತೆ ಠಾಣೆಗೆ ಸೇರಿದಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಹಿಮ ಬಿದ್ದಾಗ ಯಾವ ಲಾರಿ ಎಲ್ಲಿಗೆ ಹೋಗಬೇಕು, ಯಾವ ಗೇಟು ಮುಚ್ಚಬೇಕು ಎಂದು ಕೂತಲ್ಲಿಂದಲೇ ಹೇಳುವುದು ಅವಳ ಕೆಲಸ. ಹತ್ತೊಂಬತ್ತು ಚಳಿಗಾಲ ವೈರ್‌ಲೆಸ್ಸಿನಲ್ಲಿ ಹೇಳಿದಳು. ಆ ದನಿಗೆ "ಏನಂದ್ರಿ ಎಜೆ?" ಎಂದು ಎರಡನೇ ಸಲ ಕೇಳುವ ಧೈರ್ಯ ಯಾವ ಡ್ರೈವರಿಗೂ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳಿಗೆ ಜೊತೆಯೆಂದರೆ ಒಂದು ಕೋಮುಜ್. ಮೂರು ತಂತಿಯ ಆ ವಾದ್ಯವನ್ನು ಅವಳು ನುಡಿಸಲು ಕೂತರೆ ಮದುವೆಮನೆಯಲ್ಲಿ ಮಾಂಸದ ತಟ್ಟೆಗಳೂ ಆರಿಹೋಗುತ್ತಿದ್ದವು. ಬೆರಳು ಯಾವುದು, ತಂತಿ ಯಾವುದು ಎಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ.

ಹೋದ ವರ್ಷ ವೈರ್‌ಲೆಸ್ ಹೋಗಿ, ಎಲ್ಲರ ಫೋನಿಗೂ ಒಂದು ಚಾಟ್ ಬಂತು. ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿದರೆ ಕೆಳಗೆ ಪಟ್ಟಿ ಇಳಿಯುತ್ತದೆ. ಬರೆದದ್ದು ಗುಂಪಿನವರಿಗೆಲ್ಲ ಕಾಣುತ್ತದೆ, ಆದರೆ ಯಾರ ಹೆಸರನ್ನು ಮುಟ್ಟುತ್ತೇವೋ ಅವನ ಫೋನು ಮಾತ್ರ ಗಂಟೆ ಬಾರಿಸುತ್ತದೆ. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಅಲ್ಲಿದ್ದದ್ದು ಮೂವರು ತೆಮಿರ್‌ಗಳು. ಘಾಟಿಯ ಮೇಲ್ಭಾಗದಲ್ಲಿ ಹಿಮ ತಳ್ಳುವ ಲಾರಿಯ ತೆಮಿರ್‌ಲಾನ್, ಕೆಳಭಾಗದ ಲಾರಿಯ ತೆಮಿರ್‌ಕುಲ್, ಇಬ್ಬರ ಮೇಲೂ ಅಧಿಕಾರಿಯಾದ ತೆಮಿರ್‌ಬೆಕ್.

ಡಿಸೆಂಬರಿನ ಒಂದು ಬೆಳಗ್ಗೆ "ಟೀ ಕುಡಿದಿದ್ದು ಸಾಕು ಸೋಮಾರಿ, ಎದ್ದು ಲಾರಿ ಹತ್ತು" ಎಂದು ಅವಳು ತೆಮಿರ್‌ಲಾನ್‌ಗೆ ಬರೆದದ್ದು ಹೋಗಿ ಸೇರಿದ್ದು ಅಧಿಕಾರಿಗೆ. ಗುಂಪಿನ ನಲವತ್ತು ಜನರೂ ಓದಿದರು.

"ಹತ್ತಿದೆ ಎಜೆ. ಮುಂದೇನು?" ಎಂದು ತೆಮಿರ್‌ಬೆಕ್ ಉತ್ತರಿಸಿದ. ಎಲ್ಲರೂ ನಕ್ಕರು. ಬುರುಲ್ ಎಜೆ ಮಾತ್ರ ದಿನವಿಡೀ ಯಾರ ಮುಖವನ್ನೂ ನೋಡಲಿಲ್ಲ.

ಜನವರಿಯಲ್ಲಿ ಆದದ್ದು ನಗುವ ವಿಷಯವಲ್ಲ. ತೆಮಿರ್‌ಲಾನ್‌ಗೆ ಹೋಗಬೇಕಾದ ಮಾತು ತೆಮಿರ್‌ಕುಲ್‌ಗೆ ಹೋಯಿತು. ಅವನು ಕೆಳಗೆ ಬರಿಯ ಟಾರು ಕೆರೆಯುತ್ತಿದ್ದರೆ, ಮೇಲೆ ಹಿಮದ ನಡುವೆ ಮದುವೆಯ ಬಸ್ಸೊಂದು ಮೂರು ಗಂಟೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಮದುಮಗಳ ಅತ್ತೆ ಫೋನು ಮಾಡಿ ತೆಮಿರ್‌ಬೆಕ್‌ನ ನೀರಿಳಿಸಿದಳು. ಅವನು ನೇರ ಠಾಣೆಗೆ ಬಂದ.

"ಬೇಜಾರು ಮಾಡ್ಕೋಬೇಡಿ ಎಜೆ. ವಯಸ್ಸಾದ ಮೇಲೆ ಬೆರಳು ಮಾತು ಕೇಳಲ್ಲ. ಮಾರ್ಚಿಗೆ ನಿಮ್ಮ ಜಾಗಕ್ಕೆ ಒಬ್ಬ ಹುಡುಗಿನ ಕರೆಸ್ತೀನಿ."

"ಬೆರಳು ನನ್ನ ಮಾತು ಕೇಳುತ್ತೆ. ನಿಮ್ಮ ಪಟ್ಟಿ ಕೇಳಲ್ಲ."

"ಎಲ್ರೂ ಹಾಗೇ ಅಂತಾರೆ," ಎಂದು ಅವನು ಟೋಪಿ ಹಾಕಿಕೊಂಡು ಹೊರಟ.

ಆ ಸಂಜೆ ಅವಳು ಕೋಮುಜ್ ತೆಗೆದು, ತನಗೆ ಗೊತ್ತಿದ್ದ ಎಲ್ಲಕ್ಕಿಂತ ಕಷ್ಟದ ರಾಗವನ್ನು ನುಡಿಸಿದಳು. ಎಲ್ಲೂ ತಪ್ಪಲಿಲ್ಲ. ತಪ್ಪು ತನ್ನದಲ್ಲ ಎಂದು ಅವಳಿಗೆ ಅಲ್ಲೇ ಖಾತ್ರಿಯಾಯಿತು.

ಮರುದಿನದಿಂದ ಪಟ್ಟಿಯ ಮೇಲೆ ಕಣ್ಣಿಟ್ಟಳು. ಕೊನೆಯಲ್ಲಿ ಮಾತಾಡಿದವನ ಹೆಸರು ಅದರಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಅವಳು ಒಂದು ಹೆಸರನ್ನು ಮುಟ್ಟಲು ಹೋದ ಗಳಿಗೆಯಲ್ಲೇ ಇನ್ನೊಬ್ಬ ಏನಾದರೂ ಬರೆದರೆ ಅವನು ಟಪ್ಪನೆ ಮೇಲೆ ಜಿಗಿಯುತ್ತಿದ್ದ, ಉಳಿದವರು ಕೆಳಗೆ ಜಾರುತ್ತಿದ್ದರು. ಬೆರಳು ಇಳಿಯುವಷ್ಟರಲ್ಲಿ ಅದರಡಿ ಬೇರೆ ಹೆಸರಿರುತ್ತಿತ್ತು.

ಇಬ್ಬರೂ ಡ್ರೈವರುಗಳನ್ನು ಟೀ ಕೋಣೆಗೆ ಕರೆದು ಮೂವರದೇ ಒಂದು ಗುಂಪು ಮಾಡಿದಳು. ಅವರು ಸುಮ್ಮನಿದ್ದಾಗ ಇಪ್ಪತ್ತು ಸಲ ಕಳಿಸಿದಳು, ಇಪ್ಪತ್ತೂ ಸರಿಯಾಗಿ ಹೋದವು.

"ಈಗ ಬಾಯಿಗೆ ಬಂದದ್ದು ಬರೀತಾ ಇರಿ."

"ಏನು ಬರೀಲಿ ಎಜೆ?" ಎಂದ ತೆಮಿರ್‌ಲಾನ್.

"ನಿನ್ನ ಅತ್ತೆ ಬಗ್ಗೆ ಬರಿ. ಮುಗಿಯೋದೇ ಇಲ್ಲ."

ಇಪ್ಪತ್ತರಲ್ಲಿ ಏಳು ಅಡ್ಡ ಹೋದವು. ತೆಮಿರ್‌ಕುಲ್ ಒಂದು ಕೈಲಿ ಬರೆಯುತ್ತಲೇ, ಇನ್ನೊಂದು ಫೋನಿನಲ್ಲಿ ಅವಳ ಬೆರಳನ್ನೂ ಪಟ್ಟಿಯನ್ನೂ ವಿಡಿಯೊ ಮಾಡಿದ.

ಬಿಷ್ಕೆಕ್‌ನಲ್ಲಿ ಆ ಚಾಟ್ ಮಾಡಿದವರಿಗೆ ಅವಳು ಬರೆದಳು. ಫೋನು ಆಫ್ ಮಾಡಿ ಆನ್ ಮಾಡಿ ಎಂದು ಉತ್ತರ ಬಂತು. ಮತ್ತೆ ಬರೆದಳು, ಮತ್ತೆ ಅದೇ ಉತ್ತರ. ಹೀಗಾಗಿ, ತೆಮಿರ್‌ಬೆಕ್ ಮುಂದಿನ ಸಲ ಠಾಣೆಗೆ ಬಂದಾಗ ಎಲ್ಲರೆದುರಿಗೆ ಅವನ ಕೈಗೇ ಫೋನು ಕೊಟ್ಟಳು.

"ತೆಮಿರ್‌ಕುಲ್‌ಗೆ ಲಾರಿ ತೆಗಿ ಅಂತ ಕಳಿಸಿ. ಬೇಗ, ಮೇಲೆ ಬಸ್ಸು ಸಿಕ್ಕಿಹಾಕಿಕೊಂಡಿದೆ ಅನ್ನೋ ಹಾಗೆ."

ಒಂದು ಸಲ ಸರಿಯಾಗಿ ಹೋಯಿತು. ಎರಡನೆಯದೂ ಹೋಯಿತು. "ನೋಡಿದ್ರಾ?" ಎಂದು ಅವನು ಮುಗುಳ್ನಕ್ಕ. ಮೂರನೇ ಸಲ ಮೂಲೆಯಲ್ಲಿ ಕೂತ ತೆಮಿರ್‌ಲಾನ್ ಅತ್ತೆಯ ಬಗ್ಗೆ ಒಂದು ಸಾಲು ಬರೆದ. ಬಡಿದುಕೊಂಡದ್ದು ತೆಮಿರ್‌ಬೆಕ್‌ನ ಜೇಬಿನಲ್ಲಿದ್ದ ಅವನದೇ ಫೋನು. ನಾಲ್ಕನೆಯದೂ ಹಾಗೇ ಆಯಿತು. ತೆಮಿರ್‌ಬೆಕ್ ಫೋನನ್ನು ಎಜೆಗೆ ಮರಳಿ ಕೊಟ್ಟ.

"ನಿಮಗೆ ವಯಸ್ಸೆಷ್ಟು ತೆಮಿರ್‌ಬೆಕ್?" ಎಂದಳು ಎಜೆ.

"ಮೂವತ್ತೆಂಟು."

"ಪಾಪ."

ಟೀ ಕೋಣೆ ನಗುವಿನಿಂದ ತುಂಬಿತು. ಅವನೂ ನಕ್ಕ, ಕಿವಿ ಕೆಂಪಾಗಿತ್ತು. ಅಲ್ಲೇ ನಿಂತು ಬಿಷ್ಕೆಕ್‌ಗೆ ಫೋನು ಹಚ್ಚಿ, ತಪ್ಪು ಎಜೆಯದಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ವಿಡಿಯೊ ಕಳಿಸಿದ.

ಮರುದಿನ ಆ ಚಾಟ್ ಮಾಡಿದವರಲ್ಲೊಬ್ಬಳಾದ ನೂರ್‌ಜಾದಾ ತಾನೇ ಕರೆ ಮಾಡಿದಳು. "ಎಜೆ, ಇದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ನಮ್ಮ ಆಫೀಸಲ್ಲಿ ಯಾರೂ ನಿಮ್ಮಷ್ಟು ಬೇಗ ಒತ್ತಲ್ಲ."

ಬುರುಲ್ ಎಜೆ ಆ ಮಾತನ್ನು ಇನ್ನೊಮ್ಮೆ ಹೇಳಿಸಿ, ಸ್ಪೀಕರಿಗೆ ಹಾಕಿಸಿದಳು.

ಒಂಬತ್ತನೇ ದಿನ ಹೊಸ ಚಾಟ್ ಬಂತು. ಒಮ್ಮೆ ತೆರೆದ ಪಟ್ಟಿ ಈಗ ಮಿಸುಕುತ್ತಿರಲಿಲ್ಲ. ಫೆಬ್ರವರಿಯಲ್ಲಿ ಎರಡು ಹಗಲು ಬಿಡದೆ ಹಿಮ ಸುರಿದಾಗ ಅವಳು ಕಳಿಸಿದ ಒಂದು ಮಾತೂ ದಾರಿ ತಪ್ಪಲಿಲ್ಲ. ಘಾಟಿಯಲ್ಲಿ ಒಂದು ಬಸ್ಸೂ ನಿಲ್ಲಲಿಲ್ಲ. ಮಾರ್ಚಿಗೆ ಹೊಸ ಹುಡುಗಿ ಬಂದದ್ದೇನೋ ನಿಜ, ಆದರೆ ತೆಮಿರ್‌ಬೆಕ್ ಅವಳನ್ನು ಎಜೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಇವರು ಹೇಳಿದ ಹಾಗೆ ಕಲಿ" ಎಂದು ಹೇಳಿ ಹೋದ.

ಸುದ್ದಿ ಬೇರೆ ಘಾಟಿಗಳಿಗೂ ಹಬ್ಬಿತು. ಇದೇ ಚಾಟ್ ಬಳಸುತ್ತಿದ್ದ ಠಾಣೆಗಳ ಹೆಂಗಸರು ಒಬ್ಬೊಬ್ಬರಾಗಿ ಫೋನು ಮಾಡತೊಡಗಿದರು. ಅವರೆಲ್ಲ ಬೈಸಿಕೊಂಡವರೇ. ದಕ್ಷಿಣದ ಠಾಣೆಯ ತುರ್ಸುನೈ ಎಂಬವಳು, "ನಂಗೆ ಕನ್ನಡಕ ಬದಲಾಯಿಸು ಅಂದ್ರು ಎಜೆ. ಬದಲಾಯಿಸಿದೆ. ಹೆಸರು ಜಾರೋದು ಇನ್ನೂ ಚೆನ್ನಾಗಿ ಕಾಣ್ತು," ಎಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂಗಳದಲ್ಲಿ ತೆಮಿರ್‌ಕುಲ್ ಲಾರಿಯ ಹಾರ್ನು ಒತ್ತಿ ಒತ್ತಿ ಕರೆಯುವವರೆಗೂ ಬುರುಲ್ ಎಜೆ ಫೋನು ಇಡಲಿಲ್ಲ.