ಸೋಮಣ್ಣ ಹಾಜರಿದ್ದರು

೨೦೧೯ರಲ್ಲಿ ನಾನು ಮಲೇಷ್ಯಾದ ಕ್ಲಾಂಗ್ ಬಂದರಿನ ಒಂದು ಖಾಸಗಿ ಕಂಪನಿಯಲ್ಲಿ ಹಿರಿಯ ಕಾರ್ಗೋ ಸರ್ವೇಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಹಡಗಿನಲ್ಲಿ ಬಂದ ಸರಕು ಕೆಟ್ಟಿದ್ದರೆ ಎಷ್ಟು ಕೆಟ್ಟಿದೆ, ಎಲ್ಲಿ ಕೆಟ್ಟಿತು ಎಂದು ನೋಡಿ ಬರೆದುಕೊಡುವುದು. ಇಪ್ಪತ್ತೆರಡು ವರ್ಷ ಕೊಳೆತ ಈರುಳ್ಳಿ, ಒದ್ದೆಯಾದ ಹಾಲಿನ ಪುಡಿ, ತುಕ್ಕು ಹಿಡಿದ ಕಬ್ಬಿಣದ ಮುಂದೆ ಶ್ರದ್ಧಾಂಜಲಿ ಸಭೆಗೆ ಬಂದವನ ಮುಖ ಮಾಡಿಕೊಂಡು ನಿಂತಿದ್ದೇನೆ.

ಈ ಘನ ಹುದ್ದೆಗೆ ನನ್ನನ್ನು ತಂದದ್ದು ನನ್ನ ಅಂಕಪಟ್ಟಿಯಲ್ಲ, ಹಾಸ್ಟೆಲಿನ ಮೂರನೇ ಮಹಡಿ. ಅಮೆರಿಕದ ಕಾಲೇಜುಗಳಲ್ಲಿ ಫ್ರಟರ್ನಿಟಿ ಎಂದು ಇರುತ್ತದಂತೆ, ಗ್ರೀಕ್ ಅಕ್ಷರಗಳ ಹೆಸರು, ಸ್ವಂತ ಬಂಗಲೆ ಎಲ್ಲ ಸಮೇತ. ಮೈಸೂರು ಕಡೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದ್ದದ್ದು ಹನ್ನೆರಡು ರೂಮು, ಎರಡು ನಲ್ಲಿ. ಆದರೂ ನಮ್ಮದು ಒಂದು ಮಠವೇ. ಸಂವಿಧಾನವಿತ್ತು, ಬಾಯಿಪಾಠ. ಅದರ ಮೊದಲ ವಿಧಿ: ಮಹಡಿಯವನು ಕ್ಲಾಸಿಗೆ ಬಾರದಿದ್ದರೆ ಮಹಡಿಯ ಇನ್ನೊಬ್ಬ ಅವನ ಹಾಜರಿ ಕೂಗತಕ್ಕದ್ದು. ನನಗಿಂತ ಎರಡು ವರ್ಷ ದೊಡ್ಡವರಾದ ಸೋಮಣ್ಣನವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ಅವರ ನಂಬರು ಬಂದಾಗ ತಲೆ ತಗ್ಗಿಸಿ 'ಎಸ್ ಸಾರ್' ಎಂದವನು ನಾನು. ಆ ಲೆಕ್ಕದಲ್ಲಿ ಅವರ ಥರ್ಮೋಡೈನಮಿಕ್ಸ್ ಅರ್ಧ ನನ್ನದು.

ಸೋಮಣ್ಣ ಮೊದಲು ಮಲೇಷ್ಯಾಕ್ಕೆ ಬಂದರು. ೧೯೯೭ರಲ್ಲಿ ನನ್ನನ್ನು ಕರೆಸಿಕೊಂಡರು. ಆಮೇಲೆ ಮಹಡಿಯ ಇನ್ನೂ ಆರು ಜನ ಬಂದರು, ಒಬ್ಬರ ಕೈ ಹಿಡಿದು ಒಬ್ಬರು. ಯಾರಿಗೂ ಏರ್‌ಪೋರ್ಟಿನಿಂದ ಟ್ಯಾಕ್ಸಿ ಹಿಡಿಯುವ ಸಂದರ್ಭ ಬರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಬಾಂಗ್ಸಾರ್‌ನ ಒಂದು ಮಾಮಕ್, ಎಂದರೆ ತಮಿಳು ಮುಸ್ಲಿಮರ, ಹೋಟೆಲಿನಲ್ಲಿ ಮಹಡಿಯ ಸಭೆ ಸೇರುತ್ತಿತ್ತು. ನಲವತ್ತು ದಾಟಿದ ಎಂಟು ಗಂಡಸರು ರೋಟಿ ಚನಾಯ್ ಹರಿಯುತ್ತ, ಸತ್ತುಹೋದ ವಾರ್ಡನ್ನಿನ ಮೇಲೆ ಹೊಸ ದೂರುಗಳನ್ನು ಮಂಡಿಸುತ್ತಿದ್ದೆವು. ಅಷ್ಟು ನಗು ನನ್ನ ಮನೆಯಲ್ಲೂ ಇರಲಿಲ್ಲ ಎಂದರೆ ನನ್ನ ಹೆಂಡತಿ ಬೇಸರ ಮಾಡಿಕೊಳ್ಳುವುದಿಲ್ಲ, ಅವಳೇ ಹೇಳಿದ ಮಾತು ಅದು.

ಆ ವರ್ಷ ಭಾರತದಿಂದ ಬಂದ ಒಂದು ರೀಫರ್ ಕಂಟೇನರ್, ಎಂದರೆ ಕರೆಂಟಿನಲ್ಲಿ ತಂಪಾಗಿರುವ ಕಂಟೇನರ್, ನನ್ನ ಪಾಲಿಗೆ ಬಂತು. ಒಳಗೆ ದ್ರಾಕ್ಷಿ. ಅದು ನಿಂತಿದ್ದ ಕಂಟೇನರ್ ಡಿಪೋಗೆ ಸೋಮಣ್ಣನೇ ಮ್ಯಾನೇಜರ್. ಬಾಗಿಲು ತೆರೆಯುವಾಗ ಸರ್ವೇಯರನೂ ಡಿಪೋದ ಪ್ರತಿನಿಧಿಯೂ ಇಬ್ಬರೂ ಇರಬೇಕು. ಅದಕ್ಕೆ ಜಂಟಿ ಸರ್ವೆ ಎನ್ನುತ್ತಾರೆ. ವರದಿಯ ಮೊದಲ ಪುಟದಲ್ಲೇ ಯಾರು ಯಾರು ಹಾಜರಿದ್ದರು ಎಂದು ಬರೆಯಬೇಕು.

ಹತ್ತು ಗಂಟೆಗೆ ಸೋಮಣ್ಣನ ಫೋನು ಬಂತು.

"ಲೋ ನಾಗು, ನಂಗೆ ಬರಕ್ಕಾಗಲ್ಲ ಕಣೋ. ನಮ್ಮ ಮಹಡಿ ಗಿರೀಶ ಊರಿಂದ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬೆಳಿಗ್ಗೆ ಬಂದಿಳಿದಿದಾನೆ. ಮಾಂಟ್ ಕಿಯಾರಾದಲ್ಲಿ ಮನೆ ತೋರಿಸ್ತಾ ಇದೀನಿ."

"ಜಂಟಿ ಸರ್ವೆ ಸೋಮಣ್ಣ. ನೀವು ಇರ್ಲೇಬೇಕು."

"ಇದೀನಿ ಅಂತ ಬರಿ. ಸೈನು ಸಂಜೆ ಹಾಕ್ತೀನಿ. ಎರಡು ವರ್ಷ ನನ್ನ ಹಾಜರಿ ಕೂಗಿದೋನಿಗೆ ಇದೊಂದು ದೊಡ್ಡದೇನೋ?"

ದೊಡ್ಡದಾಗಿರಲಿಲ್ಲ. ಬರೆದೆ.

ಬಾಗಿಲು ತೆರೆದಾಗ ಹೆಂಡದಂಗಡಿಯ ವಾಸನೆ ಬಂತು. ಥರ್ಮಾಮೀಟರ್ ಹಣ್ಣಿನೊಳಗೆ ಹದಿನಾಲ್ಕು ಡಿಗ್ರಿ ತೋರಿಸಿತು. ಸೊನ್ನೆಯ ಆಸುಪಾಸು ಇರಬೇಕಾಗಿತ್ತು. ಪಕ್ಕದಲ್ಲಿ ಕರೆಂಟಿನ ಪ್ಯಾನೆಲ್ ಹತ್ತಿರ ಡಿಪೋದ ರೀಫರ್ ಟೆಕ್ನಿಶಿಯನ್ ಸೆಲ್ವಿ ನಿಂತಿದ್ದಳು. ಹನ್ನೊಂದು ವರ್ಷದ ಸರ್ವೀಸಿನವಳು. ನನ್ನೊಡನೆ ತಮಿಳು, ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದಳು, ಕನ್ನಡದಲ್ಲಿ ಹೇಳುತ್ತೇನೆ.

"ಮ್ಯಾನೇಜರ್ ಎಲ್ಲಿ ಸಾರ್? ಅವರಿಗೊಂದು ತೋರಿಸಬೇಕಿತ್ತು."

"ಇವತ್ತು ಬರಲ್ಲಮ್ಮ," ಎಂದೆ. ಏನು ತೋರಿಸಬೇಕಿತ್ತು ಎಂದು ಕೇಳಲಿಲ್ಲ. ನನ್ನ ಗಮನ ದ್ರಾಕ್ಷಿಯ ಮೇಲಿತ್ತು.

ಎರಡು ವಾರದ ನಂತರ ಗೊತ್ತಾಯಿತು. ಕಂಟೇನರಿನೊಳಗಿನ ತಾಪಮಾನ ದಾಖಲಿಸುವ ಯಂತ್ರದ ಪ್ರಕಾರ, ಡಿಪೋದ ಅಂಗಳದಲ್ಲಿದ್ದಾಗಲೇ ಒಂಬತ್ತು ಗಂಟೆ ಕರೆಂಟು ಇರಲಿಲ್ಲ. ತಪ್ಪು ಸೆಲ್ವಿಯದು, ಅವಳು ಪರೀಕ್ಷಿಸಲಿಲ್ಲ, ಕೆಲಸದಿಂದ ತೆಗೆಯುತ್ತೇವೆ ಎಂದಿತು ಡಿಪೋ. ಸಾಕೆಟ್ ಸುಟ್ಟುಹೋಗಿತ್ತು, ಅದು ಕೆಡುತ್ತಿದೆ ಎಂದು ಮೊದಲೇ ಎರಡು ಸಲ ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಹೇಳಿದ್ದೆ ಎಂದಳು ಸೆಲ್ವಿ. ಸರ್ವೆಯ ದಿನ ತೋರಿಸಲು ಕಾದಿದ್ದಳು. ಮ್ಯಾನೇಜರ್ ಬರಲಿಲ್ಲ. ಮಧ್ಯಾಹ್ನ ರಿಪೇರಿಯವರು ಹೊಸ ಸಾಕೆಟ್ ಹಾಕಿ ಹಳೆಯದನ್ನು ಒಯ್ದರು.

ಸೋಮಣ್ಣನ ಉತ್ತರ ಚಿಕ್ಕದಾಗಿತ್ತು: ಸರ್ವೆಯ ಪೂರ್ತಿ ನಾನು ಅಲ್ಲೇ ಇದ್ದೆ, ಅವಳು ಏನನ್ನೂ ತೋರಿಸಲಿಲ್ಲ. ಅದಕ್ಕೆ ಆಧಾರ, ನನ್ನ ವರದಿಯ ಮೊದಲ ಪುಟ. ಅವಳು ಹೇಳಿದ ಒಂದು ಮಾತು ಸುಳ್ಳೆಂದು ಕಾಗದದ ಮೇಲೆ ಸಾಬೀತಾದ ಮೇಲೆ, ಉಳಿದ ಮಾತುಗಳನ್ನು ನಂಬುವವರು ಯಾರು?

ವಿಚಾರಣೆ ಮಂಗಳವಾರ ಇತ್ತು. ಅದರ ಹಿಂದಿನ ಶನಿವಾರ ಸೋಮಣ್ಣ ನನ್ನನ್ನು ಬೇರೆ ಟೇಬಲಿಗೆ ಕರೆದರು.

"ನೀನು ಸುಮ್ನಿರು ಸಾಕು. ಸುಳ್ಳು ಹೇಳು ಅಂತಿಲ್ವಲ್ಲ."

"ಹೇಳಿ ಆಗಿದೆಯಲ್ಲ ಸೋಮಣ್ಣ, ಬರವಣಿಗೇಲಿ."

"ಅವಳಿಗೆ ಇನ್ನೊಂದು ಡಿಪೋ ಸಿಗುತ್ತೆ. ನಂಗೆ ಐವತ್ತೇಳು. ನಂಗ್ಯಾರು ಕೆಲಸ ಕೊಡ್ತಾರೋ?"

"ಅಜಾಗರೂಕತೆ ಅಂತ ಬರೆದು ಕಳಿಸಿದ್ರೆ ಅವಳಿಗೂ ಯಾರೂ ಕೊಡಲ್ಲ."

ಅವರು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಿನ್ನನ್ನ ಈ ದೇಶಕ್ಕೆ ಕರ್ಕೊಂಡು ಬಂದೋರು ಯಾರೋ?"

"ನೀವೇ."

"ಮತ್ತೆ?"

ನಾನು ಇಬ್ಬರ ಚಹಾದ ದುಡ್ಡು ಕೊಟ್ಟು ಎದ್ದೆ. ಅವರು ಸರ್ವೆಯ ದಿನ ತಪ್ಪಿಸಿಕೊಂಡದ್ದು ಕೂಡ ಇನ್ನೊಬ್ಬನಿಗೆ ಸೂರು ಹುಡುಕಲು. ಮೋಸಗಾರರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಮಂಗಳವಾರ ವಿಮಾ ಕಂಪನಿಯ ಅಧಿಕಾರಿ ನನ್ನ ವರದಿಯನ್ನು ಮುಂದಿಟ್ಟು, ಡಿಪೋ ಮ್ಯಾನೇಜರ್ ಸ್ಥಳದಲ್ಲಿದ್ದರೇ ಎಂದು ಕೇಳಿದರು. ಸೆಲ್ವಿ ನನ್ನ ಕಡೆ ನೋಡಲಿಲ್ಲ. ಅವಳು ಆಗಲೇ ತನ್ನ ಗೇಟ್ ಪಾಸನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದಳು. ಸೋಮಣ್ಣ ನೋಡುತ್ತಿದ್ದರು.

"ಇರಲಿಲ್ಲ," ಎಂದೆ. "ನಾನು ಸುಳ್ಳು ಬರೆದೆ. ಅವರಿಗೆ ಏನೋ ತೋರಿಸಬೇಕೆಂದು ಈಕೆ ಕಾದಿದ್ದು ನಿಜ. ನನ್ನನ್ನು ಕೇಳಿದ್ದಳು."

ಸೆಲ್ವಿಯ ಕೆಲಸ ಉಳಿಯಿತು. ನನ್ನನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ಮುಂದಿನ ಒಂದು ವರ್ಷ ಯಾವ ವರದಿಗೂ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ, ನನ್ನ ಸರ್ವೆಗೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು ರುಜು ಹಾಕುತ್ತಿದ್ದ. ಸೋಮಣ್ಣನಿಂದ ರಾಜೀನಾಮೆ ಪಡೆದರು.

ಮಹಡಿಯವರು ಜಗಳವಾಡಲಿಲ್ಲ. ನಮ್ಮದು ಸಭ್ಯ ಮಠ. ಶನಿವಾರ ಬರಬೇಡ ಎಂದು ಯಾರೂ ಹೇಳಲಿಲ್ಲ, ಹೋಟೆಲು ಬದಲಾಯಿಸಿದರು, ಅಷ್ಟೇ. ನಾನು ಎರಡು ಶನಿವಾರ ಹಳೆಯ ಹೋಟೆಲಿಗೆ ಹೋಗಿ ಎಂಟು ಕುರ್ಚಿಯ ಟೇಬಲಿನಲ್ಲಿ ಕೂತೆ. ಎರಡನೆಯ ಸಲ ಸಪ್ಲೈಯರ್ "ಟುಡೇ ಆಲ್ಸೋ ಅಲೋನ್ ಆ, ಬಾಸ್?" ಎಂದ. ಮೂರನೆಯ ಶನಿವಾರದಿಂದ ಮನೆಗೇ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದೆ. ಪೊಟ್ಟಣದ ರೋಟಿ ದಾರಿಯಲ್ಲೇ ಮೆತ್ತಗಾಗುತ್ತದೆ.

ಈಗ ನಿವೃತ್ತನಾಗಿದ್ದೇನೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆ, ಎಷ್ಟೇ ಬೇಕಾದವರಿರಲಿ ಇಲ್ಲದವರನ್ನು ಇದ್ದಾರೆಂದು ಬರೆಯಬೇಡ. ವೃತ್ತಿ ನನಗೆ ಕಲಿಸಿದ ಪಾಠ ಇದೇ, ಹೊಸಬರಿಗೂ ಇದನ್ನೇ ಹೇಳಿಕೊಟ್ಟೆ. ಪಾಠ ಸರಿಯಾಗಿದೆ. ಅದನ್ನು ಕಲಿತವನು ಶನಿವಾರಗಳನ್ನು ಏನು ಮಾಡಬೇಕು ಎಂಬುದು ಪಠ್ಯದಲ್ಲಿಲ್ಲ.

ಕಳೆದ ಯುಗಾದಿಗೆ ಮಾಂಟ್ ಕಿಯಾರಾದ ಒಂದು ಅಪಾರ್ಟ್‌ಮೆಂಟ್ ಹಾಲಿನಲ್ಲಿ ಕನ್ನಡದವರ ಊಟವಿತ್ತು. ನಾನು ಮೊದಲ ಪಂಕ್ತಿಯಲ್ಲೇ ಕಂಠಮಟ್ಟ ಉಂಡು, ಕೈತೊಳೆದು, ಚಪ್ಪಲಿ ಹುಡುಕುತ್ತಿದ್ದೆ. ಒಳಗಿನಿಂದ ಹೋಳಿಗೆಯ ತಟ್ಟೆ ಹಿಡಿದು ಬಡಿಸಲು ಬಂದವರು ಸೋಮಣ್ಣ. ಕೂದಲು ಪೂರ್ತಿ ಬಿಳಿ. ನನ್ನನ್ನು ಕಂಡು ನಿಂತರು. ಐದಾರು ವರ್ಷದ ಮೇಲೆ ಮೊದಲ ಮಾತು.

"ಊಟ ಆಯ್ತೇನೋ?"

"ಇಲ್ಲ ಸೋಮಣ್ಣ," ಎಂದೆ.

"ಹಂಗಾದ್ರೆ ಕೂತ್ಕೋ," ಎಂದರು. ಹೋಗಿ ಎರಡನೆಯ ಪಂಕ್ತಿಯಲ್ಲಿ ಕೂತೆ.