ಅಕ್ಕನ ಕಂಪ್ಯೂಟರಿಗೆ ಮಾತು ನಿಂತ ದಿನ

ನಮ್ಮ ಅಕ್ಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ ರೇಡಿಯೋ ಎಂದೇ ಕರೆಯುವುದು. ಬೆಳಗ್ಗೆ ಬಾಗಿಲು ದಾಟಿದಾಗ ಶುರುವಾದ ಮಾತು ಸಂಜೆ ಬಸ್ಸು ಹತ್ತುವವರೆಗೂ ನಿಲ್ಲುವುದಿಲ್ಲ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಸ್ಕ್ಯಾನಿಂಗ್ ವಿಭಾಗದ ಹಿಂದೆ, ಹಳೆಯ ಬೀರುಗಳನ್ನು ಒಟ್ಟಿರುವ ಸಣ್ಣ ಕೋಣೆಯಲ್ಲಿ ಅವಳ ಮೇಜು. ವೈದ್ಯರು ಸ್ಕ್ಯಾನ್ ಚಿತ್ರ ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟದ್ದನ್ನು ಕೇಳಿಸಿಕೊಂಡು ವರದಿ ಟೈಪ್ ಮಾಡುವುದು ಅವಳ ಕೆಲಸ. ಒಂದು ಕಿವಿಯಲ್ಲಿ ವೈದ್ಯರ ಗೊಣಗಾಟ, ಇನ್ನೊಂದರಲ್ಲಿ ಕಂಪ್ಯೂಟರಿನ ದನಿ.

ಆ ದನಿಯ ವಿಷಯ ಸ್ವಲ್ಪ ಹೇಳಬೇಕು. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ಒಂದು ಪ್ರೋಗ್ರಾಂ ಅದು. ಕೊಂಡ ಹೊಸದರಲ್ಲಿ ರೋಗಗಳ ಹೆಸರನ್ನೆಲ್ಲ ಹಲ್ಲಿಲ್ಲದ ಮುದುಕನ ಹಾಗೆ ಉಚ್ಚರಿಸುತ್ತಿತ್ತಂತೆ. ಅಕ್ಕ ಒಂದೊಂದೇ ಪದವನ್ನು ತಿದ್ದಿ ತಿದ್ದಿ ಅದಕ್ಕೆ ಮಾತು ಕಲಿಸಿದ್ದಳು. ಎರಡಕ್ಷರ ಒತ್ತಿದರೆ ಇಡೀ ವಾಕ್ಯ ಬೀಳುವ ಹಾಗೆ ನೂರಾರು ಗುಟ್ಟಿನ ಕೀಲಿಗಳನ್ನೂ ಮಾಡಿಕೊಂಡಿದ್ದಳು. ಆ ಪ್ರೋಗ್ರಾಂ ತಯಾರಿಸಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಈಗ ಬೇಕೆಂದರೂ ಸಿಗುವುದಿಲ್ಲ.

ನಾನು ಸೋಫಾಗಳಿಗೆ ಬಟ್ಟೆ ಹೊದಿಸುವವನು. ಒಂದು ಮಧ್ಯಾಹ್ನ ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಾಗ ಆಸ್ಪತ್ರೆಯ ಮ್ಯಾನೇಜರ ಫೋನು ಬಂತು.

"ಸರ್, ಸ್ವಲ್ಪ ಬಂದು ನಿಮ್ಮ ಅಕ್ಕನ್ನ ಮನೆಗೆ ಕರ್ಕೊಂಡು ಹೋಗಿ. ಸುಮ್ನೆ ಗಲಾಟೆ ಮಾಡ್ತಿದಾರೆ."

ಅಕ್ಕ ಮಾತಾಡುವವಳು ಹೌದು, ಗಲಾಟೆ ಮಾಡುವವಳಲ್ಲ. ಬಟ್ಟೆಗೆ ಅಂಟಿದ ಹತ್ತಿಯನ್ನೂ ಕೊಡವದೆ ಓಡಿದೆ.

ಅವಳ ಕೋಣೆಯ ಬಾಗಿಲಲ್ಲಿ ಜನ. ಒಳಗೆ ಅಕ್ಕ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಅವಳ ಹಿಂದೆ, ಗೋಣಿಚೀಲ ಹಿಡಿದ ಗಡ್ಡದ ಕಂಪ್ಯೂಟರ್ ಟೆಕ್ನಿಷಿಯನ್ ಗೋಡೆಗೆ ಒತ್ತಿಕೊಂಡು ನಿಂತಿದ್ದಾನೆ. ಹೊರಗೆ ಹೋಗಲು ದಾರಿಯಿಲ್ಲ.

"ಬಂದ್ಯಾ?" ಅಂದಳು, ನನ್ನ ಹೆಜ್ಜೆ ಗುರುತಿಸಿ. "ನಿನ್ನನ್ನ ಯಾಕೆ ಕರೆದ್ರೋ? ನಾನೇನು ಸ್ಕೂಲು ಹುಡುಗಿನಾ? ಇರಲಿ, ಬಂದಿದ್ದು ಒಳ್ಳೇದಾಯ್ತು. ಆ ಚೀಲ ಹೊರಗೆ ಹೋಗದ ಹಾಗೆ ನೋಡ್ಕೋ."

ನಡೆದದ್ದು ಇಷ್ಟು. ಕಂಪ್ಯೂಟರುಗಳು ತೆವಳುತ್ತವೆ ಎಂದು ಆಸ್ಪತ್ರೆಯವರು ಎಲ್ಲಕ್ಕೂ ಎಸ್‌ಎಸ್‌ಡಿ ಎಂಬ ಹೊಸ ಥರದ ಡಿಸ್ಕು ತರಿಸಿದ್ದರು. ವೇಗದ್ದು, ಆದರೆ ಹಳೆಯ ಡಿಸ್ಕಿನ ಕಾಲುಭಾಗದಷ್ಟೂ ಜಾಗವಿಲ್ಲದ್ದು. ಅಕ್ಕ ಊಟಕ್ಕೆ ಹೋಗಿದ್ದಾಗ ಅವಳ ಡಿಸ್ಕನ್ನು ಕಿತ್ತು, ಹೊಸದನ್ನು ಕೂರಿಸಿ, ವಿಂಡೋಸನ್ನು ಹೊಸದಾಗಿ ಹಾಕಿಬಿಟ್ಟಿದ್ದರು. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಊಟ ಮುಗಿಸಿ ಬಂದು ಕೀಲಿ ಒತ್ತಿದಳು. ದನಿಯಿಲ್ಲ. ಮತ್ತೆ ಒತ್ತಿದಳು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆ ದನಿಯಿದ್ದ ಅವಳ ಡಿಸ್ಕೂ ಸೇರಿ, ಅಲ್ಲಿಯವರೆಗೆ ಕಿತ್ತ ಹಳೆಯವೆಲ್ಲ ಆ ಗೋಣಿಚೀಲದಲ್ಲಿ. ರೋಗಿಗಳ ಮಾಹಿತಿ ಹೊರಗೆ ಹೋಗಬಾರದೆಂದು ಸಂಜೆಯೊಳಗೆ ಎಲ್ಲವನ್ನೂ ಅಳಿಸಿಹಾಕುವ ಏರ್ಪಾಡು.

ಮ್ಯಾನೇಜರು ನನ್ನ ಹೆಗಲ ಮೇಲೆ ಕೈ ಇಟ್ಟು, "ನೋಡಿ ಸರ್, ಹೊಸದು ಎಷ್ಟು ಫಾಸ್ಟಾಗಿದೆ. ಅವರಿಗೆ ಸ್ವಲ್ಪ ಅರ್ಥ ಮಾಡಿಸಿ" ಎಂದರು.

"ಅವರಿಗೆ ಅನ್ನೋದು ಯಾರಿಗೆ?" ಅಕ್ಕನ ದನಿ ಏರಿತು. "ನಾನು ಇಲ್ಲೇ ಇದೀನಿ. ಕಣ್ಣು ಕಾಣಲ್ಲ, ಕಿವಿ ಚೆನ್ನಾಗೇ ಕೇಳುತ್ತೆ. ನನಗೇ ಹೇಳಿ!"

ಮ್ಯಾನೇಜರು ಅವಳ ಕಡೆ ತಿರುಗಿ ಕೂಸಿಗೆ ಹೇಳುವ ರಾಗದಲ್ಲಿ, "ಮೇಡಂ, ಓದಿ ಹೇಳೋ ಇನ್ಯಾವುದಾದ್ರೂ ಪ್ರೋಗ್ರಾಂ ಮುಂದಿನ ವಾರ ಹಾಕ್ಸೋಣ" ಎಂದರು.

"ಮುಂದಿನ ವಾರದವರೆಗೆ ನಿಮ್ಮ ಕಣ್ಣಿಗೆ ಬಟ್ಟೆ ಕಟ್ಕೊಂಡು ಕೆಲಸ ಮಾಡ್ತೀರಾ ಸಾರ್? ಬಟ್ಟೆ ನಮ್ಮ ತಮ್ಮನ ಹತ್ರ ಬೇಕಾದಷ್ಟಿದೆ."

ಬಾಗಿಲಲ್ಲಿದ್ದ ನರ್ಸೊಬ್ಬಳು ಕಿಸಕ್ಕೆಂದಳು. ನನಗೆ ಮಾತ್ರ ನಗು ಬರಲಿಲ್ಲ. ಈ ಮ್ಯಾನೇಜರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ಕೋಣೆಯಲ್ಲಿ ದುಡಿದವಳು ನಮ್ಮ ಅಕ್ಕ. ಬೇರೆ ಯಾರದೇ ಮೇಜಾಗಿದ್ದರೂ ಡ್ರಾಯರಿಗೆ ಕೈ ಹಾಕುವ ಮುಂಚೆ ಕೆಮ್ಮಿಯಾದರೂ ಕೆಮ್ಮುತ್ತಿದ್ದರು. ಇವಳದು ಎಂದಾಗ ಆ ಮರ್ಯಾದೆಯೂ ಬೇಡವಾಯಿತೇ?

ಅಕ್ಕ ಟೆಕ್ನಿಷಿಯನ್ ಕಡೆ ತಿರುಗಿದಳು. "ಅಣ್ಣಾ, ನೀವು ಹೇಳಿ. ಹಳೇದರಲ್ಲಿ ಇದ್ದದ್ದು ಇದ್ದ ಹಾಗೇ ಈ ಚಿಕ್ಕದಕ್ಕೆ ತರೋಕೆ ಆಗುತ್ತೋ ಇಲ್ಲವೋ?"

ಅವನು ಮ್ಯಾನೇಜರ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಆಗುತ್ತಮ್ಮಾ. ಡಿಸ್ಕ್ ದೊಡ್ಡದಾದ್ರೂ ತುಂಬಿರೋದು ಕಮ್ಮಿ ಇದ್ರೆ ಸಾಕು. ಟೈಮ್ ಹಿಡಿಯುತ್ತೆ ಅಷ್ಟೆ. ಎಲ್ಲಕ್ಕೂ ಹೊಸದಾಗೇ ಹಾಕಿ ಅಂತ ನಮಗೆ ಆರ್ಡರು."

"ಯಾರ ಆರ್ಡರು?"

ಮ್ಯಾನೇಜರು ಗಡಿಯಾರ ನೋಡಿಕೊಂಡು, "ಏನಾದ್ರೂ ಮಾಡ್ಕೊಳ್ಳಿ, ನನಗೆ ಮೀಟಿಂಗ್ ಇದೆ" ಎಂದು ಹೊರಟೇಹೋದರು.

ಚೀಲವನ್ನು ಮೇಜಿನ ಮೇಲೆ ಸುರಿದಾಗ ಇನ್ನೊಂದು ತಲೆನೋವು. ಎಲ್ಲವೂ ಒಂದೇ ಥರದ ಡಿಸ್ಕುಗಳು, ಯಾವುದು ಯಾವ ಕೋಣೆಯದೆಂದು ಒಂದಕ್ಕೂ ಗುರುತು ಹಾಕಿಲ್ಲ. ಅಳಿಸುವ ಸಾಮಾನಿಗೆ ಗುರುತೇಕೆ ಎಂದುಕೊಂಡಿರಬೇಕು. ಟೆಕ್ನಿಷಿಯನ್ ಒಂದೊಂದನ್ನೇ ಅಕ್ಕನ ಕಂಪ್ಯೂಟರಿಗೆ ಸಿಕ್ಕಿಸಿ ಚಾಲೂ ಮಾಡತೊಡಗಿದ. ಒಂದರಲ್ಲಿ ಯಾರದೋ ಮಗುವಿನ ಚಿತ್ರ ಬಂತು. ಒಂದು ತೆರೆದುಕೊಳ್ಳಲೇ ಇಲ್ಲ. ಇನ್ನೊಂದು ಬಿಲ್ ಕೌಂಟರಿನದು. ಪ್ರತಿ ಸಲವೂ ಅಕ್ಕ ಸ್ಪೀಕರಿಗೆ ಕಿವಿಗೊಟ್ಟು ಕಾಯುವಳು. ಪ್ರತಿ ಸಲವೂ ಸದ್ದಿಲ್ಲ. ಮಾತಿನ ಮಲ್ಲಿಯಂಥ ಅಕ್ಕ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವಳ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ರಾಶಿ ಮುಗಿಯುತ್ತ ಬಂದಿತ್ತು. ಆಗ ಇದ್ದಕ್ಕಿದ್ದಂತೆ ಸ್ಪೀಕರಿನಿಂದ ಒಂದು ಗಂಡುದನಿ, ರೈಲು ತಪ್ಪೀತೆಂದು ಓಡುವವನ ಅವಸರದಲ್ಲಿ, ಪಟಪಟನೆ ಏನೋ ಉದುರಿಸಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅಕ್ಕನ ಕಣ್ಣಲ್ಲಿ ನೀರು.

"ಬದುಕಿದೆ" ಅಂದಳು. ಅಷ್ಟೇ.

ಮುಂದಿನದು ತಾಳ್ಮೆಯ ಕೆಲಸ. ಡಿಸ್ಕಿನಲ್ಲಿ ಜಾಗ ತಿನ್ನುತ್ತಿದ್ದದ್ದು ಹಳೆಯ ರೆಕಾರ್ಡಿಂಗುಗಳು. ಅವನ್ನೆಲ್ಲ ಮೊದಲು ಆಸ್ಪತ್ರೆಯ ಸರ್ವರಿಗೆ ಸಾಗಿಸಿದರು. ಆಮೇಲೆ ವಿಂಡೋಸ್ ಇರುವ ಭಾಗವನ್ನು ಹೊಸ ಡಿಸ್ಕಿಗೆ ಹಿಡಿಸುವಷ್ಟು ಕುಗ್ಗಿಸಬೇಕು. ಅದು ಅರ್ಧಕ್ಕೇ ನಿಂತು ಹಟ ಹಿಡಿಯಿತು. ಜಾಗದ ಕೊನೆಯಲ್ಲಿ ಯಾವುದೋ ಫೈಲು ಕದಲದೆ ಕೂತಿದೆ ಎಂದ ಟೆಕ್ನಿಷಿಯನ್. ಅದನ್ನು ಎಬ್ಬಿಸಿ, ಮತ್ತೆ ಕುಗ್ಗಿಸಿ, ಹೊಸ ಡಿಸ್ಕಿಗೆ ನಕಲು ಮಾಡಿದ. ಹೊಸದನ್ನು ಕೂರಿಸಿ ಚಾಲೂ ಮಾಡಿದರೆ ಕಪ್ಪು ಪರದೆ. ಕಂಪ್ಯೂಟರು ಏಳುವುದಕ್ಕೆ ಬೇಕಾದ ಚೂರು ಭಾಗವೊಂದು ಹಳೆಯದರಲ್ಲೇ ಉಳಿದುಬಿಟ್ಟಿತ್ತು.

"ಬಿಡಮ್ಮಾ, ನಾಳೆ ನೋಡೋಣ" ಎಂದು ಅವನು ಹೇಳುತ್ತಾನೆಂದು ನಾನು ಕಾಯುತ್ತಿದ್ದೆ. ಹೇಳಲಿಲ್ಲ. ಅಂಗಿಯ ತೋಳು ಮಡಚಿಕೊಂಡು, "ನನ್ನದೇ ತಪ್ಪು. ಇನ್ನೊಂದ್ಸಲ ಮಾಡ್ತೀನಿ. ಹಳೇದನ್ನ ಮಾತ್ರ ಯಾರಿಗೂ ಕೊಡಬೇಡಿ, ನಿಮ್ಮ ಕೈಯಲ್ಲೇ ಇಟ್ಕೊಳ್ಳಿ" ಎಂದ. ಅವಳಿಗೇ ಹೇಳಿದ, ನನಗಲ್ಲ. ಎರಡನೆಯ ಸಲ ಎಲ್ಲ ಭಾಗಗಳೂ ಬಂದವು. ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಆ ಅವಸರದ ದನಿ ಹಾಜರು. ಅಕ್ಕ ಎರಡಕ್ಷರ ಒತ್ತಿದಳು, ಇಡೀ ವಾಕ್ಯ ಬಿತ್ತು. ಮೊದಲಿಗಿಂತ ಬೇಗ ಬಿತ್ತು. ಹೊಟ್ಟೆಯ ಸ್ಕ್ಯಾನಿನ ವರದಿಗಾಗಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸಿಗೆ ಅದು ಕತ್ತಲಾಗುವ ಮೊದಲೇ ಸಿಕ್ಕಿತು.

ನಾವು ಹೊರಡುವಾಗ ಮ್ಯಾನೇಜರು ಮೀಟಿಂಗು ಮುಗಿಸಿ ಎದುರಾದರು. "ಎಲ್ಲ ಸರಿಹೋಯ್ತಲ್ಲ ಸರ್? ಅವರಿಗೆ ಸಮಾಧಾನ ಆಯ್ತಾ?" ಎಂದು ನನ್ನನ್ನೇ ಕೇಳಿದರು!

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಮೊಣಕೈ ಒತ್ತಿದಳು.

"ಆಗಿಲ್ಲ ಸಾರ್. ಕಂಪ್ಯೂಟರು ಸರಿಹೋಯ್ತು. ನೀವಿನ್ನೂ ಕ್ಷಮೆ ಕೇಳಿಲ್ಲ."

ಅವರು ನಕ್ಕು, ಇಷ್ಟು ಚಿಕ್ಕ ವಿಷಯಕ್ಕಾ ಎಂದು ಮುಂದೆ ನಡೆದರು.

ಮರುದಿನದಿಂದ ಆ ಟೆಕ್ನಿಷಿಯನ್ ಉಳಿದ ಪ್ರತಿ ಕೋಣೆಯಲ್ಲೂ ಮೊದಲು ಕೇಳಿ, ಆಮೇಲೆ ಸ್ಕ್ರೂ ಬಿಚ್ಚಿದನಂತೆ. ಮ್ಯಾನೇಜರು ಮಾತ್ರ ಇವತ್ತಿನವರೆಗೆ ಕ್ಷಮೆ ಕೇಳಿಲ್ಲ. ಅಕ್ಕನೂ ಬಿಟ್ಟಿಲ್ಲ. ಕಾರಿಡಾರಿನಲ್ಲಿ ಅವರ ಬೂಟಿನ ಕಿರುಗುಟ್ಟುವ ಸದ್ದು ಕೇಳಿದರೆ ಸಾಕು, ಎಲ್ಲರಿಗೂ ಕೇಳುವ ಹಾಗೆ, "ನಮಸ್ಕಾರ ಸಾರ್, ಕ್ಷಮೆ ಇವತ್ತಾದ್ರೂ ಕೇಳ್ತೀರೋ ಹೇಗೆ?" ಎನ್ನುತ್ತಾಳೆ. ಅವರು ಈಗ ಹಿಂದಿನ ಮೆಟ್ಟಿಲು ಹತ್ತಿ ಓಡಾಡುತ್ತಾರೆ.